ಮಂದ್ರವಾದ್ಯಕ್ಕೆ ಬ್ಯಾಟರಿ ಬೇಕೆ?

ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನಿಂದ ಗೃಹಸ್ಥರೊಬ್ಬರು ನಮಗೊಂದು ದೀರ್ಘವಾದ ಕಾಗದವನ್ನು ಬರೆದಿರುವರು. ಈ ಅಂಕಣಕ್ಕೆ ಸಾಮಾನ್ಯವಾಗಿ ಬರುವ ಪ್ರಶ್ನೆಗಳು ಗೆದ್ದಲಿನವು, ಸೋರುವ ಮಾಡಿನವು, ಕೊಳವೆ ಬಾವಿಯ ಪಂಪಿನವು. ಇವರದು ಬೇಸ್ ಗಿಟಾರಿನ ವಿಷಯ. ವಾಚಕರಲ್ಲಿ ಕೆಲವರಿಗೆ ನಗು ಬಂದೀತು. ಕಾಗದವನ್ನು ಕೊನೆಯವರೆಗೆ ಓದಿದ ಮೇಲೆ ನಮಗೆ ಬರಲಿಲ್ಲ.

ಸಂಗತಿಯಿಷ್ಟು. ಇವರ ತಮ್ಮನವರು ಮದುವೆ ಉತ್ಸವಗಳ ವಾದ್ಯಗೋಷ್ಠಿಗಳಲ್ಲಿ ಬಹುಕಾಲ ಬೇಸ್ ಗಿಟಾರ್ ನುಡಿಸುತ್ತಿದ್ದು, ಕೆಲವು ವರ್ಷಗಳ ಕೆಳಗೆ ತೀರಿಕೊಂಡರು. ವಾದ್ಯವು ಅಟ್ಟವನ್ನು ಸೇರಿತು. ಈಗ ಇವರ ಮಗನು ಅದನ್ನಿಳಿಸಿ, ಧೂಳೊರೆಸಿ, ಚಿಕ್ಕಪ್ಪನ ಜಾಡನ್ನೇ ಹಿಡಿದಿರುವನು. ಕೀಬೋರ್ಡು ಡ್ರಮ್ಮುಗಳ ನಡುವೆ ತನ್ನ ನಾದವು ಅಡಗಿಹೋಗುತ್ತದೆಂದೂ, ವಾದ್ಯದೊಳಗೆ ಬ್ಯಾಟರಿಯಿಂದ ನಡೆಯುವ ‘ಆಕ್ಟಿವ್ ಪ್ರಿಆಂಪ್’ ಒಂದನ್ನು ಕೂಡಿಸಿದರೆ ಸರಿಹೋಗುವುದೆಂದೂ ಅವನ ಹಟ. ಅದಕ್ಕಾಗಿ ವಾದ್ಯದ ಬೆನ್ನಿನಲ್ಲಿ ಬ್ಯಾಟರಿ ಕೂರುವಷ್ಟು ಮರವನ್ನು ಕೊರೆಯಬೇಕಂತೆ. ಹಣದ ಮಾತು ಹಾಗಿರಲಿ, ತಮ್ಮನ ಎದೆಗೆ ಒರಗಿದ್ದ ಮರಕ್ಕೆ ಉಳಿ ಹಾಕಿಸಲೇ ಎಂಬುದು ತಂದೆಯ ಪ್ರಶ್ನೆ.

ವಾದ್ಯದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಇಂದು ವೇದಿಕೆಗಳಲ್ಲಿ ಕಾಣುವ ಬಗೆಯ ಬೇಸ್ ಗಿಟಾರನ್ನು ಅಮೆರಿಕದ ಲಿಯೋ ಫೆಂಡರ್ ಎಂಬಾತನು ೧೯೫೧ರಲ್ಲಿ ಮಾರುಕಟ್ಟೆಗೆ ತಂದನು. ನಾಲ್ಕು ದಪ್ಪ ತಂತಿಗಳು. ಎಲ್ಲಕ್ಕಿಂತ ದಪ್ಪನೆಯದು ಸೆಕೆಂಡಿಗೆ ಸುಮಾರು ೪೧ ಸಲ ಕಂಪಿಸುತ್ತದೆ. ವೀಣೆಗಿರುವಂತೆ ಇದಕ್ಕೆ ಕೊಡವಿಲ್ಲ, ಗಟ್ಟಿಯಾದ ಹಲಗೆಯಷ್ಟೆ. ತಂತಿಗಳ ಕೆಳಗಿರುವ ಪಿಕಪ್ಪಿನಲ್ಲಿ ಅಯಸ್ಕಾಂತದ ಸುತ್ತಲೂ ಕೂದಲೆಳೆಯಂಥ ತಾಮ್ರದ ಸರಿಗೆಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಅದರ ಮುಂದೆ ಉಕ್ಕಿನ ತಂತಿಯು ಮಿಡಿದಾಗ ಸುರುಳಿಯಲ್ಲಿ ಅತಿ ಕ್ಷೀಣವಾದ ವಿದ್ಯುತ್ತು ಹುಟ್ಟಿ, ಕೇಬಲಿನ ಮೂಲಕ ಆಂಪ್ಲಿಫೈಯರನ್ನು ಮುಟ್ಟಿ, ಅಲ್ಲಿ ಬಲಗೊಂಡು ನಾದವಾಗುತ್ತದೆ. ವಾದ್ಯದೊಳಗೆ ಬ್ಯಾಟರಿಯ ಹಂಗಿಲ್ಲದ ಈ ಏರ್ಪಾಡಿಗೆ ಪ್ಯಾಸಿವ್ ಎಂದು ಹೆಸರು.

ಇದರ ಕೊರತೆಯನ್ನು ಬಾಗೂರಿನವರಿಗೆ ತಿಳಿಸುವುದು ಸುಲಭ. ಹೇಮಾವತಿಯ ನೀರು ಬಾಗೂರು–ನವಿಲೆಯ ಸುರಂಗವನ್ನು ಹೊಕ್ಕು ತುಮಕೂರಿನ ಕಡೆಗೆ ಸಾಗುವುದನ್ನು ಕಂಡವರು ಅವರು. ನಾಲೆಯ ಮೊದಲಿನಲ್ಲಿ ಬಿಟ್ಟಷ್ಟು ನೀರು ಕಟ್ಟಕಡೆಯ ಹೊಲಕ್ಕೆ ಮುಟ್ಟುವುದಿಲ್ಲವೆಂಬುದು ಯಾವ ರೈತನಿಗೆ ತಿಳಿಯದು? ಪಿಕಪ್ಪಿನ ವಿದ್ಯುತ್ತೂ ಹಾಗೆಯೇ. ಕೇಬಲು ಉದ್ದವಾದಷ್ಟೂ ನಾದದ ಮೇಲಿನ ಅಂಶ, ಅಂದರೆ ಬೆರಳು ತಂತಿಯನ್ನು ಬಿಟ್ಟಾಗಿನ ಆ ಚುರುಕು, ದಾರಿಯಲ್ಲೇ ಇಂಗಿಹೋಗುತ್ತದೆ. ಪ್ರಿಆಂಪು ನಾಲೆಯ ಮೊದಲಿನಲ್ಲಿಯೇ ನಿಂತ ಪಂಪು. ೯ ವೋಲ್ಟಿನ ಬ್ಯಾಟರಿಯ ಬಲದಿಂದ ಅದು ವಿದ್ಯುತ್ತಿಗೆ ಕಸುವನ್ನು ಕೊಟ್ಟು ಕಳುಹಿಸುವುದರಿಂದ ದಾರಿಯ ನಷ್ಟವು ಲೆಕ್ಕಕ್ಕೆ ಬಾರದು. ಇನ್ನೊಂದು ಪ್ರಯೋಜನವುಂಟು: ಪ್ಯಾಸಿವ್ ವಾದ್ಯದ ತಿರುಪು ನಾದದ ಅಂಶಗಳನ್ನು ಕಡಿಮೆ ಮಾಡಬಲ್ಲುದೇ ಹೊರತು ಹೆಚ್ಚಿಸಲಾರದು; ಆಕ್ಟಿವ್ ತಿರುಪು ಎರಡನ್ನೂ ಮಾಡುತ್ತದೆ.

ಹಾಗಾದರೆ ಕೂಡಿಸಿಬಿಡಬಹುದಲ್ಲವೆ? ೧೯೭೬ರಲ್ಲಿ ಮ್ಯೂಸಿಕ್ ಮ್ಯಾನ್ ಎಂಬ ಕಂಪೆನಿಯು ತನ್ನ ಸ್ಟಿಂಗ್‌ರೇ ಎಂಬ ಬೇಸ್ ಗಿಟಾರಿನಲ್ಲಿ ಇಂಥ ಪ್ರಿಆಂಪನ್ನು ಕಾರ್ಖಾನೆಯಲ್ಲಿಯೇ ಅಳವಡಿಸಿ ಮಾರಿತು. ಅದರ ಹಿಂದೆಯೂ ಇದ್ದವನು ಅದೇ ಫೆಂಡರ್. ಆದರೆ ಆತನ ೧೯೫೧ರ ಬ್ಯಾಟರಿಯಿಲ್ಲದ ಪದ್ಧತಿಯು ಇಂದಿಗೂ ಅಳಿದಿಲ್ಲ. ಎರಡೂ ಬಗೆಯ ವಾದ್ಯಗಳು ತಯಾರಾಗುತ್ತಲೇ ಇವೆ. ಹಳೆಯದು ಕೆಟ್ಟದ್ದೆಂದು ಹೊಸದು ಬಂದುದಲ್ಲ. ಇದನ್ನು ಮಗನಿಗೆ ತಿಳಿಯಹೇಳುವುದು ಒಳ್ಳೆಯದು.

ಇನ್ನು ಮುಖ್ಯವಾದ ಮಾತು. ಹುಡುಗನ ನಾದವು ಅಡಗುತ್ತಿರುವುದು ವಾದ್ಯದ ದೋಷದಿಂದಲೇ? ನಮಗೆ ಸಂದೇಹ. ನಮ್ಮ ಊರುಗಳ ಉತ್ಸವಗಳಲ್ಲಿ ಕಂಬಕ್ಕೆ ಕಟ್ಟುವ ಬಾಯ್ದೆರೆದ ಹಾರ್ನುಗಳು ಮಾತಿಗಾಗಿ ಮಾಡಿದವು. ಆ ೪೧ ಕಂಪನಗಳ ಸ್ವರವನ್ನು ಅವು ಹೊರಡಿಸಲಾರವು. ಸಣ್ಣ ಪೆಟ್ಟಿಗೆಗಳ ಪಾಡೂ ಹೆಚ್ಚು ಕಡಿಮೆ ಅದೇ. ಹಾಗಿದ್ದರೂ ಮಂದ್ರಸ್ವರವು ಕೇಳಿದಂತೆ ತೋರುವುದಲ್ಲಾ ಎಂದರೆ, ಅದು ನಮ್ಮ ಕಿವಿಯ ಸೋಜಿಗ. ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳುಳ್ಳ ಅನುಸ್ವರಗಳು ಕಿವಿಗೆ ಬಿದ್ದರೆ ಸಾಕು, ಬಾರದಿರುವ ಮೂಲವನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಆದುದರಿಂದ ಬೇಸ್ ತಿರುಪನ್ನು ತುದಿಯವರೆಗೆ ಏರಿಸಿದರೆ ಹಾರ್ನಿಗೆ ಗೊಗ್ಗರು ಹಿಡಿಯುವುದಲ್ಲದೆ ಬೇರೇನೂ ಆಗದು; ನಡುವಣ ಸ್ವರಾಂಶಗಳನ್ನು ಸ್ವಲ್ಪ ಮುಂದೆ ತಂದರೆ ಕೇಳುವವರಿಗೆ ಬೇಸ್ ಕೇಳಿಸುತ್ತದೆ. ಇದನ್ನು ಆಂಪ್ಲಿಫೈಯರಿನ ತಿರುಪುಗಳಿಂದಲೇ ಪರೀಕ್ಷಿಸಬಹುದು. ಖರ್ಚಿಲ್ಲ.

ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ತಂತಿಗಳು ಜೀವ ಕಳೆದುಕೊಂಡಿರುತ್ತವೆ. ಮೊದಲು ಅವನ್ನು ಬದಲಾಯಿಸತಕ್ಕದ್ದು. ಪಿಕಪ್ಪಿನ ಎರಡು ಬದಿಯ ತಿರುಪುಗಳಿಂದ ಅದನ್ನು ತಂತಿಗೆ ಕೊಂಚ ಸಮೀಪಕ್ಕೆ ಎತ್ತಬಹುದು. ಅತಿ ಸಮೀಪವಾದರೆ ಅಯಸ್ಕಾಂತವು ತಂತಿಯನ್ನೇ ಎಳೆದು ಶ್ರುತಿ ಕೆಡಿಸುವುದು, ಎಚ್ಚರ. ಕೇಬಲು ಉದ್ದವಾಗಿದ್ದರೆ ಗಿಡ್ಡದೊಂದನ್ನು ತರಿಸಿ. ನೆಲದ ಮೇಲೆ ಇಟ್ಟುಕೊಳ್ಳುವ ಪ್ರಿಆಂಪ್ ಪೆಟ್ಟಿಗೆಗಳೂ ದೊರೆಯುತ್ತವೆ. ಸ್ನೇಹಿತರಿಂದ ಒಂದನ್ನು ಎರವಲು ತಂದು ಗಿಡ್ಡ ಕೇಬಲಿನಿಂದ ಕೂಡಿಸಿದರೆ, ಮರವನ್ನು ಮುಟ್ಟದೆಯೇ ಆಕ್ಟಿವ್ ಏರ್ಪಾಡಿನ ಬಹುಪಾಲು ಫಲವನ್ನು ಕಂಡುಕೊಳ್ಳಬಹುದು. ಒಂದು ಗಣೇಶೋತ್ಸವದ ಕಾಲವನ್ನು ಹೀಗೆ ಕಳೆಯಲಿ.

ಗುಂಯ್ಗುಡುವ ಸದ್ದು ಹೋಗಲೆಂದು ಪ್ರಿಆಂಪು ಹಾಕಿಸುವವರೂ ಉಂಟು. ಒಂಟಿ ಸುರುಳಿಯ ಪಿಕಪ್ಪು ಹಿಡಿದುಕೊಂಡ ಗುಂಯ್ಕಾರವನ್ನು ಪ್ರಿಆಂಪು ಬಲಪಡಿಸೀತೇ ಹೊರತು ಕಳೆಯದು. ಬ್ಯಾಟರಿ ಸೋತರೆ ನಾದವು ಒಡಕಾಗಿ, ಕೊನೆಗೆ ಹಾಡಿನ ನಡುವೆಯೇ ನಿಂತುಹೋಗುವ ಭಯವೂ ಉಂಟು. ಇಂಥ ವಾದ್ಯಗಳಲ್ಲಿ ಸಾಮಾನ್ಯವಾಗಿ ಕೇಬಲಿನ ಜ್ಯಾಕನ್ನು ಚುಚ್ಚಿದೊಡನೆ ಬ್ಯಾಟರಿ ಕೆಲಸಕ್ಕೆ ತೊಡಗುತ್ತದೆ. ರಾತ್ರಿ ಅದನ್ನು ಕೀಳಲು ಮರೆತರೆ ವಾದ್ಯವು ಮೂಲೆಯಲ್ಲಿ ಸುಮ್ಮನಿದ್ದರೂ ಬ್ಯಾಟರಿ ಸವೆಯುತ್ತಿರುತ್ತದೆ.

ಮರ ಕೊರೆಯುವ ವಿಷಯದಲ್ಲಿ ನಮಗೊಂದು ಹಳೆಯ ನೋವುಂಟು. ನಮ್ಮ ಮನೆಯಲ್ಲಿ ಅಜ್ಜಿಯವರ ಕಾಲದ ಹಲಸಿನ ಮರದ ವೀಣೆಯೊಂದಿತ್ತು. ಸಭೆಯಲ್ಲಿ ಚೆನ್ನಾಗಿ ಕೇಳಲೆಂದು ಕಾಂಟ್ಯಾಕ್ಟ್ ಮೈಕನ್ನು ಕೂಡಿಸಲು ಕೊಟ್ಟೆವು. ಮೇಣದಿಂದ ಅಂಟಿಸಿದ್ದರೆ ಸಾಕಾಗಿತ್ತು. ಕೆಲಸದವನು ಕೊಡದ ಪಕ್ಕಕ್ಕೆ ರಂಧ್ರವನ್ನೇ ಕೊರೆದು ಜ್ಯಾಕನ್ನು ನೆಟ್ಟನು. ಮುಂದಿನ ಬೇಸಗೆಯಲ್ಲಿ ರಂಧ್ರದಿಂದ ಬಿರುಕು ಹೊರಟಿತು. ತಪ್ಪು ಅವನದಲ್ಲ; ಕೊಡುವಾಗ ಏನು ಮಾಡುವೆಯೆಂದು ಕೇಳದ ನಮ್ಮದು. ಬೇಸ್ ಗಿಟಾರಿನ ಗಟ್ಟಿ ಹಲಗೆ ವೀಣೆಯ ಕೊಡದಂತೆ ಸುಲಭವಾಗಿ ಸೀಳುವುದಿಲ್ಲ, ನಿಜ. ಆದರೂ ತೆಗೆದ ಮರ ತಿರುಗಿ ಬಾರದು.

ಆದುದರಿಂದ ಬಾಗೂರಿನ ಮಿತ್ರರಿಗೆ ನಮ್ಮ ಉತ್ತರ: ಈಗ ಕೊರೆಯಿಸಬೇಡಿ, ಹುಡುಗನನ್ನು ಗದರಿಸಲೂ ಬೇಡಿ. ವಾದ್ಯವನ್ನು ಅಟ್ಟದಿಂದಿಳಿಸಿದವನು ಅವನೇ. ಅದರ ಮೇಲೆ ಅವನಿಗೂ ಹಕ್ಕುಂಟು. ಹೊರಗಿನ ಪೆಟ್ಟಿಗೆಯನ್ನು ಆ ಕಾಲವೆಲ್ಲಾ ನುಡಿಸಿ ನೋಡಿ, ಅದಿಲ್ಲದೆ ಆಗದೆಂದು ಅವನಿಗೆ ತೋರಿದರೆ, ಆಗ ತಿರುಪುಗಳ ಹಿಂದಿನ ಮುಚ್ಚಳವನ್ನು ಬಿಚ್ಚಿ ಒಳಗಿನ ಕುಳಿಯನ್ನು ಅಳೆಯಿರಿ. ೯ ವೋಲ್ಟಿನ ಬ್ಯಾಟರಿಯು ಸುಮಾರು ೪೮ ಮಿಲಿಮೀಟರು ಉದ್ದ, ೨೬ ಅಗಲ, ೧೭ ದಪ್ಪ. ಬ್ಯಾಟರಿಗೂ ಪ್ರಿಆಂಪಿನ ಹಲಗೆಗೂ ಅಲ್ಲಿಯೇ ಎಡೆಯಿದ್ದರೆ ಉಳಿಯ ಮಾತೇ ಇಲ್ಲ, ಧಾರಾಳವಾಗಿ ಹಾಕಿಸಿ; ಬ್ಯಾಟರಿ ಸೋತಾಗ ಪ್ಯಾಸಿವ್ ಆಗಿಯೂ ನುಡಿಸುವಂತೆ ಸ್ವಿಚ್ಚುಳ್ಳದ್ದನ್ನೇ ಆರಿಸಿ. ಎಡೆಯಿಲ್ಲದಿದ್ದರೆ ಕೊರೆಯುವ ಕೂಲಿಗೂ ಪ್ರಿಆಂಪಿಗೂ ಹಾಕುವ ಹಣಕ್ಕೆ ಇನ್ನಷ್ಟು ಕೂಡಿಸಿ, ಪ್ರಿಆಂಪು ಮೊದಲೇ ಇರುವ ಸಾಧಾರಣ ವಾದ್ಯವೊಂದನ್ನು ಹಳೆಯದಾದರೂ ಕೊಂಡುಕೊಡಿ. ಉತ್ಸವದ ಮಳೆ ಧೂಳಿಗೆ ಅದು ಹೋಗಲಿ.

ಹಾಕಿಸುವುದೇ ಆದರೆ, ಬಿಚ್ಚಿದ ಹಳೆಯ ತಿರುಪುಗಳನ್ನೂ ಸರಿಗೆಗಳನ್ನೂ ರಿಪೇರಿಯವನ ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಬೆಸುಗೆ ಕೀಳುವ ಮುನ್ನ ಒಳಗಿನ ಜೋಡಣೆಯ ಫೋಟೋ ತೆಗೆಯಿಸಿ, ಎಲ್ಲವನ್ನೂ ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ತಾರೀಖನ್ನೂ ತಮ್ಮನವರ ಹೆಸರನ್ನೂ ಬರೆದು, ವಾದ್ಯದ ಪೆಟ್ಟಿಗೆಯೊಳಗೇ ಇರಿಸಿರಿ.