ಹ್ಯಾಂಗ್ ಆಗ್ಯದ ಅಂದ್ರ ಸಾಲದು, ಹ್ಯಾಂಗ ಆಗ್ಯದ ಹೇಳ್ರಿ



ನಮ್ಮ ಕಂಪ್ಯೂಟರ್ ಕೋಣೆಗೆ ಒಂದು ತಿಂಗಳು ಕೀಲಿ ಬಿದ್ದಿತ್ತು. ಯಾಕೆಂದು ನಿಮಗೆಲ್ಲ ಗೊತ್ತು. ಕಂಪ್ಯೂಟರ್ ಹೇಳದೆ ಕೇಳದೆ ನಿಂತುಬಿಡುತ್ತಿತ್ತು. ಪರದೆ ಮೇಲಿನ ಬಾಣ ಇದ್ದಲ್ಲೇ ಇರುತ್ತಿತ್ತು, ಮೌಸ್ ಎಷ್ಟು ತಿಕ್ಕಿದರೂ ಇಲ್ಲ. ಏಳನೇ ಕ್ಲಾಸಿನ ಒಬ್ಬ ತಮ್ಮ ಪೆನ್ ಡ್ರೈವ್ ಹಾಕಿದ ದಿನವೇ ನಿಂತಿತು ಅಂತ ಅವನ ಮೇಲೆ ಬಂತು. ಅವನು ಎರಡು ದಿನ ಶಾಲೆಗೇ ಬರಲಿಲ್ಲ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರಂತೆ, ಹಾಗಾಯಿತು ಇದು.

ಕೀಲಿ ಹಾಕುವುದು ರಿಪೇರಿ ಅಲ್ಲ ಅಂತ ನನ್ನ ಅಭಿಪ್ರಾಯ. ಸರ್ ಅವರು ಸಿಟ್ಟಾಗಬಾರದು.

ಶಹಾಪುರದ ಅಂಗಡಿಗೆ ಒಯ್ದಾಗ ಮದರ್‌ಬೋರ್ಡ್ ಹೋಗಿರಬೇಕು, ಹೊಸದು ಹಾಕೋಣ ಅಂದರು. ಆದರೆ ಅಲ್ಲಿ ಇಡೀ ದಿನ ಚಾಲೂ ಇಟ್ಟರೂ ಅದು ಒಮ್ಮೆಯೂ ನಿಲ್ಲಲಿಲ್ಲ! ಊರಿಗೆ ತಂದ ಮರುದಿನವೇ ನಿಂತಿತು. ಆಗ ವಿಜ್ಞಾನದ ಸರ್ ಅಂದರು, "ಅಂದ್ರ ರೋಗ ಡಬ್ಬಿಯೊಳಗ ಅಷ್ಟ ಇಲ್ಲ, ನಮ್ಮ ಕೋಣೆಯೊಳಗೂ ಅದ. ಬರೀರಿ." ಅವರು ಹೇಳಿದ ಮೇಲೆ ನಾವು ನಾಲ್ಕು ಜನ ಒಂದು ನೋಟ್‌ಬುಕ್ ಇಟ್ಟೆವು. ನಿಂತ ತಾರೀಖು, ಗಂಟೆ, ಆಗ ಏನು ಮಾಡುತ್ತಿದ್ದೆವು, ಫ್ಯಾನ್ ತಿರುಗುತ್ತಿತ್ತೋ ಇಲ್ಲೋ, ಎಲ್ಲ ಬರೆಯುವುದು.

ಇದು ಹುಡುಗರ ಆಟ ಅಲ್ಲ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ 2 ಎಂಬ ಗಣಕಯಂತ್ರ ಕೆಟ್ಟಾಗ, ಒಳಗೆ ಒಂದು ಪತಂಗ ಸಿಕ್ಕಿಕೊಂಡಿತ್ತು. ಗ್ರೇಸ್ ಹಾಪರ್ ಅವರಿದ್ದ ತಂಡದವರು ಅದನ್ನು ಒಗೆಯಲಿಲ್ಲ. ಗಂಟೆ ಬರೆದು, ಪತಂಗವನ್ನೇ ನೋಟ್‌ಬುಕ್ಕಿಗೆ ಅಂಟಿಸಿ ಇಟ್ಟರು. ಯಾರನ್ನೂ ಬೈದದ್ದು ಮಾತ್ರ ಅದರಲ್ಲಿಲ್ಲ.

ನಿಂತ ಕೂಡಲೆ ಪವರ್ ಗುಂಡಿ ಒತ್ತುವ ರೂಢಿ ನಮ್ಮಲ್ಲಿ ಬಹಳ. ಅದಕ್ಕಿಂತ ಮೊದಲು ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಕೀಬೋರ್ಡಿನ ಸಣ್ಣ ದೀಪ ಹತ್ತಿ ಆರಿದರೆ ಯಂತ್ರ ಇನ್ನೂ ಜೀವಂತ ಅದೆ, ಯಾವುದೋ ಒಂದು ಪ್ರೋಗ್ರಾಂ ಸಿಕ್ಕಿಕೊಂಡಿರಬಹುದು, ಸ್ವಲ್ಪ ತಡೆಯಿರಿ. ದೀಪ ಅಲ್ಲಾಡದಿದ್ದರೆ ಪೂರಾ ನಿಂತದೆ. ನಮ್ಮದು ಪ್ರತಿ ಸಲ ಪೂರಾ ನಿಲ್ಲುತ್ತಿತ್ತು. ಸರ್ ತಮ್ಮ ಪೆನ್ ಡ್ರೈವಿನಿಂದ ಉಬುಂಟು ಚಾಲೂ ಮಾಡಿದರು. ಅದರಲ್ಲಿ ವಿಂಡೋಸ್ ಇಲ್ಲ, ವಿಂಡೋಸಿನ ವೈರಸ್ಸೂ ಇಲ್ಲ. ಆದರೂ ನಿಂತಿತು! ಹೀಗೆ ಒಂದು ಪೆನ್ ಡ್ರೈವೇ ಇನ್ನೊಂದು ಪೆನ್ ಡ್ರೈವಿನ ಪರವಾಗಿ ಸಾಕ್ಷಿ ಹೇಳಿತು.

ಎರಡು ವಾರದ ಮೇಲೆ ನೋಟ್‌ಬುಕ್ ತೆರೆದರೆ ಹೆಚ್ಚಿನವು ಮಧ್ಯಾಹ್ನದವು. ನಮ್ಮ ಸುರಪುರ, ಶಹಾಪುರ, ಯಾದಗಿರಿ ಕಡೆ ಬ್ಯಾಸಗಿ ಅಂದರೆ ಕೇಳಬೇಕೇ, 40 ಡಿಗ್ರಿ ದಾಟುತ್ತದೆ. ಮೇಲೆ ತಗಡು. ಸರ್ ವೈರ್ ಕಿತ್ತಿಟ್ಟು ಡಬ್ಬಿ ಬಿಚ್ಚಿದರು. ಪ್ರೊಸೆಸರ್ ಮೇಲಿನ ಫ್ಯಾನಿಗೆ ಎರೆಮಣ್ಣಿನ ಧೂಳು, ಹತ್ತಿಯ ಎಳೆ ಸೇರಿ ಕಂಬಳಿ ನೇಯ್ದಂಗ ಆಗಿತ್ತು. ರಸ್ತೆ ಮೇಲೆ ಹತ್ತಿ ಟ್ರ್ಯಾಕ್ಟರ್ ಹೋಗುತ್ತವಲ್ಲ, ಕಿಟಕಿ ಅದರ ಎದುರಿಗೇ ಅದೆ. ಒಣ ಬ್ರಷ್ಷಿನಿಂದ ತೆಗೆದೆವು. ಒದ್ದೆ ಬಟ್ಟೆ ಯಾರೂ ಹಚ್ಚಬ್ಯಾಡ್ರಿ. ರ‍್ಯಾಮ್ ಮುಟ್ಟಬೇಕೆಂದು ನಮಗೆಲ್ಲ ಆಸೆ ಇತ್ತು, ಸರ್ ಬೇಡವೆಂದರು. ಎರಡು ಕೆಲಸ ಒಟ್ಟಿಗೆ ಮಾಡಿದರೆ ಯಾವುದರಿಂದ ವಾಸಿ ಆಯ್ತೆಂದು ತಿಳಿಯುವುದಿಲ್ಲವಂತೆ.

ನಿಲ್ಲುವುದು ಕಡಿಮೆ ಆಯಿತು, ಪೂರಾ ಹೋಗಲಿಲ್ಲ. ಉಳಿದವನ್ನು ಬಿಡಿಸಿದ್ದು ಬಿಸಿಯೂಟದ ಅಕ್ಕ. ನಾವು ಗಂಟೆ ಓದುತ್ತಿದ್ದಾಗ ಅವರು, "ಅದು ನಾ ಬೋರಿನ ಮೋಟ್ರು ಹಾಕೋ ಟೈಮು ಅಲ್ಲೇನವ್ವಾ? ಆಗ ನಮ್ಮ ಬಲ್ಬೂ ಸಣ್ಣಾಗ್ತದ" ಅಂದರು. ಮೋಟಾರು ಚಾಲೂ ಆಗುವ ಕ್ಷಣದಲ್ಲಿ, ಅದು ಓಡುವಾಗ ಎಳೆಯುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ, ಓಲ್ಟೇಜ್ ಕುಸಿಯುತ್ತದೆ. ಅದನ್ನು ತಡೆಯಬೇಕಾದ ಯುಪಿಎಸ್‌ನ ಬ್ಯಾಟರಿ ಯಾವಾಗಲೋ ಸತ್ತಿತ್ತು. ಸತ್ತದ್ದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಹಸಿರು ದೀಪ ಮಾತ್ರ ಹತ್ತುತ್ತಿತ್ತು. ಬೇಕಾದದ್ದು ಬ್ಯಾಟರಿ, ನಾವು ತರಲು ಹೊರಟದ್ದು ಮದರ್‌ಬೋರ್ಡ್.

ಈಗ ಬ್ಯಾಟರಿ ಬರುವ ತನಕ ಅಕ್ಕ ಮೋಟಾರು ಹಾಕುವ ಮುಂಚೆ ಕೂಗಿ ಹೇಳುತ್ತಾರೆ. ಹತ್ತು ದಿನದಲ್ಲಿ ಒಂದೇ ಸಲ ನಿಂತದೆ, ಅದೂ ಬೆಳಿಗ್ಗೆ ತಂಪಿನಲ್ಲಿ, ಮೋಟಾರು ಇಲ್ಲದಾಗ. ಅದು ಯಾಕೆಂದು ಇನ್ನೂ ತಿಳಿದಿಲ್ಲ. ರ‍್ಯಾಮ್ ಸರದಿ ಈಗ ಬಂದದೆ.

ಮುಖ್ಯ ಗುರುಗಳಲ್ಲಿ ನನ್ನ ವಿನಂತಿ ಇಷ್ಟೆ: ಇನ್ನೊಮ್ಮೆ ನಿಂತರೆ ಕೀಲಿ ಬೇಡಿರಿ, ನೋಟ್‌ಬುಕ್ ಕೇಳಿರಿ. ಆ ಏಳನೇ ಕ್ಲಾಸಿನ ತಮ್ಮನಿಗೆ ನಾವು ಯಾರೂ ಇನ್ನೂ ತಪ್ಪಾಯ್ತು ಅಂದಿಲ್ಲ. ನಾನೂ ಅವತ್ತು ಅವನ ಹೆಸರೇ ಹೇಳಿದ್ದೆ. ನಾಳೆ ಪ್ರಾರ್ಥನೆ ಮುಗಿದ ಮೇಲೆ ಹೇಳುತ್ತೇನೆ.

ನೋಟ್‌ಬುಕ್ ಕಿಟಕಿ ಸರಳಿಗೆ ಕಟ್ಟಿದೆ. ಅದರ ಪೆನ್ನು ಯಾರೋ ಒಯ್ದೀರಿ, ತಂದಿಡ್ರಿ.

– ಒಂಬತ್ತನೇ ತರಗತಿಯ ವಿದ್ಯಾರ್ಥಿನಿ