ರೈತ ಸ್ತ್ರೀಯರೂ ಪಹಣಿಯೂ

ಹಾಸನದ ಸಮೀಪದ ಶೆಟ್ಟಿಹಳ್ಳಿಯೆಂದೊಡನೆ ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಹಳೆಯ ಚರ್ಚೊಂದೇ ಹಲವರ ನೆನಪಿಗೆ ಬರುತ್ತದೆ. 1979ರಲ್ಲಿ ಗೊರೂರಿನ ಅಣೆಕಟ್ಟು ಪೂರ್ಣಗೊಂಡು, ಆ ಸುತ್ತಿನ ಹೊಲಗದ್ದೆಗಳು ಜಲಾಶಯದ ಪಾಲಾದವು. ನೆಲವು ಮುಳುಗಿದಾಗಲಾಗಲಿ, ಬೆಳೆಯು ಒಣಗಿದಾಗಲಾಗಲಿ, ಪರಿಹಾರವು ಯಾರಿಗೆ ಸಲ್ಲಬೇಕೆಂಬುದನ್ನು ಸರ್ಕಾರದವರು ನಿರ್ಣಯಿಸುವುದು ಕುಡುಗೋಲು ಹಿಡಿದ ಕೈಯನ್ನು ನೋಡಿಯಲ್ಲ. ಪಹಣಿಯಲ್ಲಿ ಬರೆದಿರುವ ಹೆಸರನ್ನು ನೋಡಿ. ಆ ಹೆಸರು ಬಹುಮಟ್ಟಿಗೆ ಗಂಡಸಿನದು.

ಈ ಸೀಮೆಯಲ್ಲಿ ಆಲೂಗೆಡ್ಡೆಯ ಬಿತ್ತನೆ, ಭತ್ತದ ನಾಟಿ, ರಾಗಿಯ ಕಳೆ, ಹಸುಗಳ ಆರೈಕೆ ಇವೆಲ್ಲವೂ ಹೆಂಗಸರ ದುಡಿಮೆಯಿಂದಲೇ ಸಾಗುತ್ತವೆಂಬುದನ್ನು ಬಲ್ಲದವರಿಲ್ಲ. ಆದರೂ 2015–16ರ ಕೃಷಿ ಗಣತಿಯಂತೆ ದೇಶದ ಸಾಗುವಳಿ ಹಿಡುವಳಿಗಳಲ್ಲಿ ಸ್ತ್ರೀಯರ ಹೆಸರಿನಲ್ಲಿದ್ದವು ನೂರಕ್ಕೆ ಸುಮಾರು 14 ಮಾತ್ರ. 2019ರಿಂದ ಕೇಂದ್ರ ಸರ್ಕಾರವು ಕೊಡುತ್ತಿರುವ ವರ್ಷಕ್ಕೆ 6,000 ರೂಪಾಯಿಗಳ ಕಿಸಾನ್ ಸಮ್ಮಾನವೂ, ಸಹಕಾರ ಸಂಘದ ಬೆಳೆಸಾಲವೂ ಭೂದಾಖಲೆಯನ್ನೇ ಅನುಸರಿಸುತ್ತವೆ.

ಕಾನೂನಿನ ಕೊರತೆಯಿದೆಯೆನ್ನುವಂತಿಲ್ಲ. ಮೈಸೂರು ಸಂಸ್ಥಾನವು 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕಿನ ಶಾಸನವನ್ನು ಮಾಡಿತ್ತು. ಕರ್ನಾಟಕವು 1994ರಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿಯು ವಿವಾಹಿತೆಯರಿಗೂ ಅದನ್ನು ವಿಸ್ತರಿಸಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಉಳಿದ ಸಂಶಯವನ್ನೂ ಪರಿಹರಿಸಿತು. ಹೀಗೆ ಶಾಸನವು ಕೊಟ್ಟುದನ್ನು ಹಕ್ಕುಬಿಡುಗಡೆ ಪತ್ರವು ಕಸಿದುಕೊಳ್ಳುತ್ತಿದೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಹಾಕಿದ ರುಜುವನ್ನು ಸಮ್ಮತಿಯೆಂದು ಕರೆಯುವುದು ನ್ಯಾಯವೇ?

ಹೆಣ್ಣಿಗೆ ಪಾಲು ಕೊಟ್ಟರೆ ಜಮೀನು ಚೂರುಚೂರಾಗುವುದೆಂದು ಕೆಲವರು ಆಕ್ಷೇಪಿಸುವರು. ನಾಲ್ವರು ಅಣ್ಣತಮ್ಮಂದಿರು ಹಂಚಿಕೊಳ್ಳುವಾಗ ಈ ಚಿಂತೆಯು ಅವರನ್ನು ಬಾಧಿಸಿದಂತಿಲ್ಲ. ಮೇಲಾಗಿ ಜಂಟಿ ಖಾತೆಯಲ್ಲಿ ಹೆಸರು ಸೇರಿಸಿದ ಮಾತ್ರಕ್ಕೆ ಬದುವು ಏಳುವುದಿಲ್ಲ. 2023ರಲ್ಲಿ ಗೃಹಲಕ್ಷ್ಮೀ ಯೋಜನೆಯನ್ನು ತಂದ ರಾಜ್ಯ ಸರ್ಕಾರವು ಮನೆಯೊಳಗೆ ಹೆಂಗಸನ್ನು ಯಜಮಾನಿಯೆಂದು ಒಪ್ಪಿಕೊಂಡಿದೆ. ಹೊಸಿಲು ದಾಟಿ ಹೊಲಕ್ಕೆ ಬಂದೊಡನೆ ಆಕೆಯು ಯಜಮಾನಿಯಲ್ಲವೇ?

2012ರಲ್ಲಿ ಡಾಕ್ಟರ್ ಎಂ. ಎಸ್. ಸ್ವಾಮಿನಾಥನ್ ಅವರು ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆಯು, ಗ್ರಾಮಸಭೆಯ ಒಪ್ಪಿಗೆಯಿಂದ ರೈತ ಸ್ತ್ರೀಯರಿಗೆ ಪ್ರಮಾಣಪತ್ರವನ್ನು ಕೊಡಬೇಕೆಂದಿತ್ತು. ಅದು ಅಂಗೀಕಾರವಾಗದೆಯೇ ಅಳಿಯಿತು. ವಿಶ್ವಸಂಸ್ಥೆಯು 2026ನ್ನು ರೈತ ಸ್ತ್ರೀಯರ ಅಂತರರಾಷ್ಟ್ರೀಯ ವರ್ಷವೆಂದು ಸಾರಿದೆ. ಸಭೆ, ಭಾಷಣ, ಹಾರತುರಾಯಿಗಳಿಂದ ಅದನ್ನು ಕಳೆಯುವ ಬದಲು ಮೂರು ಕೆಲಸಗಳು ನಡೆಯಲಿ. ಪೌತಿ ಖಾತೆ ಮಾಡುವಾಗ ತಹಶೀಲ್ದಾರರು ವಂಶವೃಕ್ಷದಲ್ಲಿ ಹೆಂಡತಿ, ಹೆಣ್ಣುಮಕ್ಕಳ ಹೆಸರುಗಳು ಬಿಟ್ಟುಹೋಗಿಲ್ಲವೆಂದು ಖಚಿತಪಡಿಸಿಕೊಳ್ಳಲಿ. ಹಕ್ಕುಬಿಡುಗಡೆ ಪತ್ರವನ್ನು ನೋಂದಾಯಿಸುವ ಮೊದಲು ಉಪನೋಂದಣಾಧಿಕಾರಿಗಳು ಆ ಹೆಣ್ಣುಮಗಳನ್ನು ಪ್ರತ್ಯೇಕವಾಗಿ ಕರೆದು, ಆಕೆ ಬಿಟ್ಟುಕೊಡುತ್ತಿರುವುದೇನೆಂಬುದನ್ನು ತಿಳಿಸಲಿ. ಪಹಣಿಯಿಲ್ಲದೆ ದುಡಿಯುವ ಸ್ತ್ರೀಯರಿಗೆ ಪಂಚಾಯಿತಿಯ ಪ್ರಮಾಣಪತ್ರದ ಮೇಲೆ ಸಾಲವೂ ಪರಿಹಾರವೂ ದೊರೆಯುವಂತಾಗಲಿ.

ಸ್ವರಾಜ್ಯವು ಅರ್ಧ ಜನರಿಗಾಗಿ ಬಂದುದಲ್ಲ. ಅನ್ನವಿಕ್ಕುವ ಕೈಯ ಹೆಸರನ್ನು ದಫ್ತರದಲ್ಲಿ ಬರೆದುಕೊಳ್ಳಲು ಸರ್ಕಾರದವರಿಗೆ ಇನ್ನೆಷ್ಟು ಕಾಲ ಬೇಕು?