ಕಾನೂನು ಬಂದ ಮೇಲೆ ಕಾವಲು ಯಾರದು?

ಡನ್‌ಬ್ಲೇನ್ ಸ್ಕಾಟ್ಲೆಂಡಿನ ಒಂದು ಸಣ್ಣ ಪೇಟೆ. 1996ರ ಮಾರ್ಚ್ 13ರಂದು ಅಲ್ಲಿನ ಪ್ರಾಥಮಿಕ ಶಾಲೆಗೆ ನುಗ್ಗಿದ ವ್ಯಕ್ತಿಯೊಬ್ಬ ಐದಾರು ವರ್ಷದ ಹದಿನಾರು ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಗುಂಡಿಟ್ಟು ಕೊಂದು ತಾನೂ ಸತ್ತ. ಅವನ ಬಳಿಯಿದ್ದವು ಕಳ್ಳ ಬಂದೂಕುಗಳಲ್ಲ. ಅವನು ತಂದಿದ್ದ ನಾಲ್ಕೂ ಪಿಸ್ತೂಲುಗಳಿಗೆ ಪೊಲೀಸರೇ ಪರವಾನಗಿ ಕೊಟ್ಟಿದ್ದರು. ಈತನ ಪರವಾನಗಿಯನ್ನು ಹಿಂಪಡೆಯಬೇಕೆಂದು ಪೊಲೀಸ್ ಅಧಿಕಾರಿಯೊಬ್ಬರು 1991ರಲ್ಲಿಯೇ ಬರೆದಿದ್ದರು. ಆ ಟಿಪ್ಪಣಿ ಕಡತದಲ್ಲಿಯೇ ಉಳಿಯಿತು. ಪರವಾನಗಿ ಮಾತ್ರ 1992 ಮತ್ತು 1995ರಲ್ಲಿ ಯಥಾಪ್ರಕಾರ ನವೀಕರಣಗೊಂಡಿತು.

ಆ ದುಃಖದಿಂದ ಹುಟ್ಟಿದ ಜನಾಂದೋಲನ ಇಂದಿಗೂ ಅಭ್ಯಾಸಯೋಗ್ಯವಾಗಿದೆ. ಮಕ್ಕಳನ್ನು ಕಳೆದುಕೊಂಡ ಕುಟುಂಬಗಳ ಸ್ನೇಹಿತರು ಸಹಿ ಸಂಗ್ರಹಕ್ಕೆ ಇಳಿದರು. ಮಾರ್ಚ್ ತಿಂಗಳ ಚಳಿಯಲ್ಲಿ ಅಲ್ಲಿ ಅರಳುವ ಪುಟ್ಟ ಬಿಳಿ ಹೂವಾದ ಸ್ನೋಡ್ರಾಪ್‌ನ ಹೆಸರನ್ನೇ ಚಳವಳಿಗೆ ಇಟ್ಟರು. ಖಾಸಗಿ ವ್ಯಕ್ತಿಗಳು ಪಿಸ್ತೂಲು ಇಟ್ಟುಕೊಳ್ಳುವುದನ್ನು ನಿಷೇಧಿಸಬೇಕು ಎಂಬುದೇ ಅವರ ಬೇಡಿಕೆ. ಕೆಲವೇ ತಿಂಗಳುಗಳಲ್ಲಿ ಏಳು ಲಕ್ಷಕ್ಕೂ ಹೆಚ್ಚು ಸಹಿಗಳು ಸಂಸತ್ತನ್ನು ತಲುಪಿದವು.

ವಿರೋಧವೂ ಕಡಿಮೆಯಿರಲಿಲ್ಲ. ಒಬ್ಬನ ಅಪರಾಧಕ್ಕೆ ಕಾನೂನು ಪಾಲಿಸುವ ಸಾವಿರಾರು ಗುರಿಕಾರರನ್ನು ಶಿಕ್ಷಿಸುವುದು ನ್ಯಾಯವೇ ಎಂದು ಕ್ರೀಡಾ ಸಂಘಗಳು ಕೇಳಿದವು. ಸರಕಾರ ನೇಮಿಸಿದ ಕಲೆನ್ ವಿಚಾರಣಾ ಆಯೋಗವೂ ಪೂರ್ಣ ನಿಷೇಧದವರೆಗೆ ಹೋಗಲಿಲ್ಲ. 1997ರ ಆರಂಭದಲ್ಲಿ ಬಂದ ಮೊದಲ ಕಾನೂನು .22 ಅಳತೆಯ ಸಣ್ಣ ಪಿಸ್ತೂಲುಗಳನ್ನು ಹೊರಗಿಟ್ಟಿತು. ಚಳವಳಿ ಅಲ್ಲಿಗೆ ಕೈಬಿಡಲಿಲ್ಲ. ಅದೇ ವರ್ಷದ ಚುನಾವಣೆಯಲ್ಲಿ ಸರಕಾರ ಬದಲಾಯಿತು, ಎರಡನೆಯ ಕಾನೂನು ಬಂದು ಅವೂ ನಿಷೇಧಕ್ಕೊಳಪಟ್ಟವು. ಪರಿಹಾರ ಧನ ಪಡೆದು ಜನ ಒಂದೂವರೆ ಲಕ್ಷಕ್ಕೂ ಹೆಚ್ಚು ಪಿಸ್ತೂಲುಗಳನ್ನು ಮರಳಿಸಿದರು.

ಈ ಗೆಲುವಿನ ಗುಟ್ಟು ಬೇಡಿಕೆಯ ಸ್ಪಷ್ಟತೆಯಲ್ಲಿದೆ. ರೈತರ ತೋಟಾಕೋವಿಯನ್ನು ಕಿತ್ತುಕೊಳ್ಳಬೇಕೆಂದು ಸ್ನೋಡ್ರಾಪ್ ಚಳವಳಿ ಕೇಳಲಿಲ್ಲ. ಬ್ರಿಟನ್ನಿನ ಹೊಲಗಳಲ್ಲಿ ಅದು ಇಂದಿಗೂ ಇದೆ. ಬಂದೂಕು ಹೊಂದುವುದನ್ನು ಸಂವಿಧಾನವೇ ಹಕ್ಕೆಂದು ಮನ್ನಿಸಿರುವ ಅಮೆರಿಕದಲ್ಲಿಯೂ ಸಾಧ್ಯವಾದಷ್ಟು ಫಲ ದೊರೆತಿರುವುದು ಹೀಗೆಯೇ. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಇಪ್ಪತ್ತು ಮಕ್ಕಳು ಸತ್ತ ಬಳಿಕವೂ ಅಲ್ಲಿನ ಸೆನೆಟ್ 2013ರಲ್ಲಿ ಖರೀದಿದಾರರ ಹಿನ್ನೆಲೆ ಪರಿಶೀಲನೆಯನ್ನು ವಿಸ್ತರಿಸಲು ಒಪ್ಪಲಿಲ್ಲ. ತಾಯಂದಿರ ಸಂಘಟನೆಗಳು ರಾಜ್ಯಗಳ ಶಾಸನಸಭೆಗಳತ್ತ ತಿರುಗಿದವು. 2018ರಲ್ಲಿ ಪಾರ್ಕ್‌ಲ್ಯಾಂಡ್ ಶಾಲೆಯ ವಿದ್ಯಾರ್ಥಿಗಳು ಬೀದಿಗಿಳಿದಾಗ, ಹತ್ಯಾಕಾಂಡ ನಡೆದು ಒಂದು ತಿಂಗಳು ತುಂಬುವ ಮೊದಲೇ ಫ್ಲೋರಿಡಾ ರಾಜ್ಯ ಬಂದೂಕು ಖರೀದಿಯ ವಯಸ್ಸನ್ನು 21ಕ್ಕೆ ಏರಿಸಿತು.

ಆದರೆ ಕಾನೂನು ಕೈಸೇರಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. 2021ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಪ್ಲಿಮತ್ ನಗರದಲ್ಲಿ ಯುವಕನೊಬ್ಬ ಪರವಾನಗಿಯುಳ್ಳ ತೋಟಾಕೋವಿಯಿಂದ ಐವರನ್ನು ಕೊಂದ. ಅವರಲ್ಲಿ ಮೂರು ವರ್ಷದ ಹೆಣ್ಣುಮಗುವೂ ಇತ್ತು. ಹಲ್ಲೆಯ ಪ್ರಕರಣವೊಂದರ ಬಳಿಕ ಪೊಲೀಸರು ಆ ಕೋವಿಯನ್ನು ವಶಪಡಿಸಿಕೊಂಡಿದ್ದರು, ಕೊಲೆಗಳಿಗೆ ಕೆಲವೇ ವಾರಗಳ ಮೊದಲು ಅವರೇ ಅದನ್ನು ಮರಳಿಸಿದ್ದರು. ಡನ್‌ಬ್ಲೇನ್‌ನಲ್ಲಿ ಆದ ತಪ್ಪೇ ಇಪ್ಪತ್ತೈದು ವರ್ಷಗಳ ಬಳಿಕ ಮತ್ತೆ ನಡೆಯಿತು. ಕಾನೂನು ಎಷ್ಟೇ ಬಿಗಿಯಾಗಿರಲಿ, ಪರವಾನಗಿಯ ಕಾಗದಕ್ಕೆ ಮುದ್ರೆ ಒತ್ತುವ ಕೈ ವಿಚಾರಿಸದೆ ಒತ್ತಿದರೆ ಅದು ನಿಷ್ಫಲ.

ಈ ಪಾಠ ಮಲೆನಾಡಿಗೂ ಅನ್ವಯಿಸುತ್ತದೆ. ಇಲ್ಲಿ ಕೋವಿಯೆಂದರೆ ಬಹುಮಟ್ಟಿಗೆ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದು ಗೋಡೆಗೆ ತೂಗುಹಾಕಿದ ನಳಿಗೆ. ಕಾಡುಹಂದಿ, ಮಂಗಗಳ ಹಾವಳಿಯಿಂದ ಕಂಗೆಟ್ಟ ಕೃಷಿಕನ ಕಷ್ಟ ಸುಳ್ಳಲ್ಲ. ಶಿಕಾರಿಯ ವೇಳೆ ಪ್ರಾಣಿಯೆಂದು ಭ್ರಮಿಸಿ ಹಾರಿಸಿದ ಗುಂಡಿಗೆ ಜೊತೆಗಾರನೇ ಬಲಿಯಾದ ಸುದ್ದಿಯೂ, ಮನೆಯೊಳಗಿನ ಜಗಳಕ್ಕೆ ಕೋವಿ ಕೈಗೆ ಬಂದ ಸುದ್ದಿಯೂ ಸುಳ್ಳಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡುವವರು ಕೋವಿಯನ್ನು ಭದ್ರವಾಗಿ ಇಡುವುದಾಗಿ ಮುಚ್ಚಳಿಕೆ ಬರೆದುಕೊಡಬೇಕು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕಿಳಿಸಿತು. ಆದರೆ ಅದೇ ತಿದ್ದುಪಡಿ ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದು ವರ್ಷಕ್ಕೆ ಏರಿಸಿತು. ವಿಚಾರಣೆಗೆ ಒದಗುವ ನವೀಕರಣದ ಸಂದರ್ಭಗಳು ಹೀಗೆ ಇನ್ನಷ್ಟು ವಿರಳವಾದವು. ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಿಸುವ ಆಡಳಿತ, ಉಳಿದ ದಿನಗಳಲ್ಲಿ ಅವು ಮನೆಯಲ್ಲಿ ಹೇಗಿವೆ ಎಂದು ಅಷ್ಟೇ ಆಸ್ಥೆಯಿಂದ ಕೇಳಬೇಕಲ್ಲವೇ?

ಗ್ರಾಮಸಭೆಗಳು ಕೇಳಬಹುದಾದ ಬೇಡಿಕೆಗಳು ದೊಡ್ಡವೇನಲ್ಲ. ಕೋವಿಯೂ ತೋಟಾಗಳೂ ಬೇರೆಬೇರೆ ಬೀಗದೊಳಗಿರಬೇಕು. ನವೀಕರಣದ ಮೊದಲು ಮನೆಯ ಹೆಂಗಸರನ್ನೂ ನೆರೆಯವರನ್ನೂ ಖುದ್ದಾಗಿ ವಿಚಾರಿಸಬೇಕು. ಲೈಸೆನ್ಸುದಾರ ತೀರಿಕೊಂಡಾಗ ಅವನ ಕೋವಿ ಎಲ್ಲಿಗೆ ಹೋಯಿತೆಂಬ ಲೆಕ್ಕ ಇರಬೇಕು. ಹಂದಿ, ಮಂಗಗಳಿಂದಾದ ಬೆಳೆನಷ್ಟಕ್ಕೆ ಪರಿಹಾರ ಸಕಾಲದಲ್ಲಿ ಕೈಸೇರಬೇಕು, ಏಕೆಂದರೆ ಪರಿಹಾರ ಸಿಗದ ಕಡೆ ಕೋವಿಯೇ ಪರಿಹಾರವಾಗಿ ಕಾಣುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ 2029ರವರೆಗೆ ವಿನಾಯಿತಿ ಇರುವ ಕೊಡಗಿನಲ್ಲಿಯೂ ಬೀಗದ ಮಾತು ಸಲ್ಲುತ್ತದೆ. ಲೈಸೆನ್ಸಿನಿಂದ ವಿನಾಯಿತಿ ಎಂದರೆ ಎಚ್ಚರಿಕೆಯಿಂದ ವಿನಾಯಿತಿ ಎಂದಲ್ಲ.

ಡನ್‌ಬ್ಲೇನ್‌ನ ಜನ ಎಚ್ಚೆತ್ತುಕೊಳ್ಳಲು ಹದಿನೇಳು ಜೀವಗಳು ಹೋಗಬೇಕಾಯಿತು. ಮಲೆನಾಡಿನ ಊರುಗಳು ಅಂಥದೊಂದು ದಿನಕ್ಕಾಗಿ ಕಾಯಬೇಕಾಗಿಲ್ಲ. ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ಈ ನಾಲ್ಕು ಬೇಡಿಕೆಗಳನ್ನು ಬರೆಸಿ ತಹಸೀಲ್ದಾರರಿಗೆ ಕಳುಹಿಸಿದರೆ ಸಾಕು, ಆರಂಭವಾದಂತೆಯೇ. ಅವು ಜಾರಿಯಾದವೇ ಎಂದು ವರ್ಷವರ್ಷವೂ ಕೇಳುವುದು ಮಾತ್ರ ಊರಿನವರದೇ ಕೆಲಸ.